ಗಿರಣಿಯಿಂದ ಮಾಲ್‌ವರೆಗೆ: ಬದಲಾಗುವ ಬಡಾವಣೆ, ಕದಲುವ ದುಡಿಮೆ

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆಡಳಿತದ ಗಡಿ ಬದಲಾದರೂ ದುಡಿಮೆಯನ್ನರಸಿ ಹೊರಡುವವರ ದಾರಿಗಳು ಎರಡೂ ಕಡೆಗೆ ತೆರೆದೇ ಇದ್ದವು. ಜೀರಹಳ್ಳಿಯ ಸುತ್ತಲಿನವರು ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲ, ಕೊಯಮತ್ತೂರು, ತಿರುಪ್ಪೂರುಗಳಿಗೆ ಹೋಗುತ್ತಾರೆ. ಚಾಮರಾಜನಗರದ ಮೇಲೆ ಮೈಸೂರು, ಬೆಂಗಳೂರುಗಳನ್ನೂ ಸೇರುತ್ತಾರೆ. ಆದಕಾರಣ ಆ ನಗರಗಳ ಬೀದಿಗಳ ಚರಿತ್ರೆ ನಮ್ಮ ಮನೆಗಳ ಚರಿತ್ರೆಯೂ ಹೌದು.

ಬೆಂಗಳೂರಿನ ಮಲ್ಲೇಶ್ವರವನ್ನು ನಿದರ್ಶನವಾಗಿ ನೋಡಬಹುದು. 1898ರ ಪ್ಲೇಗಿನ ನಂತರ ಬೆಳೆದ ಈ ಬಡಾವಣೆಯ ಅಂಚಿನಲ್ಲಿ, ಜನ ‘ರಾಜಾ ಮಿಲ್’ ಎಂದು ಕರೆಯುತ್ತಿದ್ದ ನೂಲಿನ ಗಿರಣಿಯಿತ್ತು. ಗಿರಣಿ ಎಂದರೆ ಅದರೊಳಗಿನ ಕೂಲಿಯಷ್ಟೇ ಅಲ್ಲ. ಪಾಳಿ ಮುಗಿಸಿ ಬರುವವರನ್ನು ನಂಬಿ ಚಹಾದಂಗಡಿ, ದಿನಸಿ ಅಂಗಡಿ, ಕ್ಷೌರದಂಗಡಿ, ಸೈಕಲ್ ರಿಪೇರಿ ಅಂಗಡಿಗಳು ಬದುಕುತ್ತವೆ. ಗಿರಣಿ ನಿಂತುಹೋಯಿತು, ಅದರ ನೆಲದ ಮೇಲೆ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು, 2014ರಲ್ಲಿ ಅದರ ಪಕ್ಕಕ್ಕೆ ಮೆಟ್ರೊ ರೈಲು ಬಂದಿತು.

ಉಳ್ಳವರು ನೆಲೆಸತೊಡಗಿದಂತೆ ಶ್ರಮಿಕರ ಕೇರಿಯ ಬೆಲೆಯೇರಿ ಹಳಬರು ಜಾಗ ಬಿಡಬೇಕಾಗುವುದನ್ನು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಲಂಡನ್ನಿನಲ್ಲಿ ಗುರುತಿಸಿ, ‘ಜೆಂಟ್ರಿಫಿಕೇಶನ್’ ಎಂದು ಹೆಸರಿಸಿದರು. ನಮ್ಮ ನಗರಗಳ ಕಥೆ ಅದರ ಪಡಿಯಚ್ಚಲ್ಲ. ಇಲ್ಲಿ ಹಲವೆಡೆ ಮೊದಲು ಹೋದದ್ದು ಕಾರ್ಖಾನೆ, ಅದರ ಹಿಂದೆ ಏರಿದ್ದು ನೆಲದ ಬೆಲೆ. ಪರಿಣಾಮ ಮಾತ್ರ ಒಂದೇ: ವ್ಯಾಪಾರ ಮೊದಲಿನಷ್ಟೇ ನಡೆದರೂ ಬಾಡಿಗೆ ಅದನ್ನು ಮೀರುತ್ತದೆ.

ಕಾನೂನೂ ಇದಕ್ಕೆ ಸೇರಿಕೊಂಡಿತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂದಾಗ, 14 ಚದರ ಮೀಟರಿಗಿಂತ ದೊಡ್ಡದಾದ ವ್ಯಾಪಾರದ ಮಳಿಗೆಗಳು ಅದರ ವ್ಯಾಪ್ತಿಯಿಂದ ಹೊರಗುಳಿದವು.

1954ರಲ್ಲಿ ಆರಂಭವಾದ ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಹೀಗೆ ಹಳೆಯ ಹೋಟೆಲೊಂದು ಮುಚ್ಚಿದರೆ ಗಿರಾಕಿಗಳು ಅದರ ರುಚಿಯನ್ನು ನೆನೆಯುತ್ತಾರೆ. ಆದರೆ ಅಲ್ಲಿ ಹೋಗುವುದು ರುಚಿಯೊಂದೇ ಅಲ್ಲ. ಹಳ್ಳಿಯಿಂದ ಬಂದ ಹುಡುಗನಿಗೆ ಊಟ, ಮಲಗಲು ಜಾಗ, ಮೊದಲ ಸಂಬಳ, ಇವು ಮೂರನ್ನೂ ಒಂದೇ ಸೂರಿನಡಿ ಕೊಡುತ್ತಿದ್ದುದು ಇಂತಹ ಹೋಟೆಲು. ಅಲ್ಲಿ ಕನ್ನಡ ಬಲ್ಲವನಿಗೆ ಕನ್ನಡವೇ ಸಾಕಾಗಿತ್ತು. ಹೊಸ ಮಳಿಗೆಗಳಲ್ಲಿಯೂ ಕೆಲಸಗಳಿವೆ, ನಿಜ. ಆದರೆ ಅವು ಇಂಗ್ಲಿಷನ್ನೂ ಕಂಪ್ಯೂಟರನ್ನೂ ಕೇಳುತ್ತವೆ. ಕಟ್ಟಡದ ಒಡೆಯನಿಗೆ ಏರಿದ ಬೆಲೆ ಕೈಸೇರುತ್ತದೆ. ಬಾಡಿಗೆದಾರನಿಗೂ ಸಪ್ಲೈಯರಿಗೂ ಅದರಲ್ಲಿ ಪಾಲಿಲ್ಲ.

ತಳ್ಳುಗಾಡಿಯವರಿಗಾದರೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಿದೆ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕೆಂದೂ, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕೆಂದೂ ಅದು ವಿಧಿಸುತ್ತದೆ. ಈ ಹಕ್ಕು ತಿಳಿದವನಿಗಷ್ಟೇ ದಕ್ಕುತ್ತದೆ.

ನಗರದ ನೆಲದ ಬೆಲೆಯನ್ನು ಬೆಟ್ಟದ ಮೇಲಿನ ಶಾಲೆಯೊಂದು ತಡೆಯಲಾರದು. ಕರಾರುಪತ್ರವನ್ನು ಓದಿ ಅರ್ಥಮಾಡಿಕೊಳ್ಳುವ, ಲೆಕ್ಕ ಬರೆದಿಡುವ, ಅರ್ಜಿಯನ್ನು ತನ್ನ ಮಾತಿನಲ್ಲಿಯೇ ಬರೆಯುವ ಶಕ್ತಿಯನ್ನು ಅದು ಕೊಡಬಲ್ಲದು. ನೂರು ವರ್ಷ ಅಕ್ಷರ ಕಲಿಸಿದ ಶಾಲೆಯ ಮುಂದಿನ ಹೊಣೆ ಇದೇ. ನಗರದಲ್ಲಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳು, ಈಗ ಬೆಟ್ಟವಿಳಿಯಲಿರುವ ಕಿರಿಯರಿಗೆ ತಮ್ಮ ಬೀದಿಯ ಅನುಭವವನ್ನು ಹೇಳಿಕೊಟ್ಟರೆ, ಆ ಹೊಣೆ ಹಗುರವಾದೀತು.