ತೆಂಗಿನ ಉತ್ಪನ್ನಗಳ ಸುಂಕ ವರ್ಗೀಕರಣ

ತೆಂಗಿನಕಾಯಿ, ಕೊಬ್ಬರಿ, ಕೊಬ್ಬರಿ ಎಣ್ಣೆ, ಹಿಂಡಿ, ನಾರು, ಚಿಪ್ಪು ಮುಂತಾದ ಸರಕುಗಳು ದೇಶದ ಗಡಿ ದಾಟುವಾಗ ಯಾವ ಹೆಸರಿನಲ್ಲಿ, ಯಾವ ಅಂಕಿಯಡಿ ಲೆಕ್ಕಕ್ಕೆ ಬರಬೇಕೆಂದು ಗೊತ್ತುಮಾಡುವ ಕಾನೂನು ಕ್ರಮ. ಹುಟ್ಟಿದ್ದು ಆಮದು ಸುಂಕಕ್ಕಾಗಿ. ಆದರೆ ಅದೇ ಅಂಕಿಗಳನ್ನು ಮುಂದೆ ಕೇಂದ್ರ ಅಬಕಾರಿ ಸುಂಕವೂ ಈಗ ಜಿಎಸ್‌ಟಿಯೂ ಎತ್ತಿಕೊಂಡಿರುವುದರಿಂದ, ಇದು ಬಂದರಿನ ಗೋದಾಮಿಗೆ ಸೀಮಿತವಾದ ವಿಷಯವಾಗಿ ಉಳಿದಿಲ್ಲ. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರ ಹೋಬಳಿಯ ಬೆಳೆಗಾರನ ಕೊಬ್ಬರಿ ತಿಪಟೂರು ಮಾರುಕಟ್ಟೆಯಲ್ಲಿ ಹರಾಜಾಗಿ ವರ್ತಕನ ಬಿಲ್ಲಿಗೆ ಏರುವಾಗ ಅದರ ಪಕ್ಕದಲ್ಲಿ ಬೀಳುವ ‘1203’ ಎಂಬ ಸಂಖ್ಯೆ ಮೂಲತಃ ಬ್ರಸೆಲ್ಸ್‌ನಲ್ಲಿ ಕೂತು ಬರೆದದ್ದು.

ಸುಂಕಪಟ್ಟಿ ಎಲ್ಲ ಸರಕನ್ನೂ ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ. ಬರೆಯುವ ಸಾಧನಗಳನ್ನು ನೋಡಿ: ಬಾಲ್‌ಪೆನ್ನು, ಇಂಕ್‌ಪೆನ್ನು, ಸ್ಕೆಚ್ ಪೆನ್ನು ಎಲ್ಲವೂ 9608 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ, ಮರದ ಪೆನ್ಸಿಲ್ಲೂ ಸೀಮೆಸುಣ್ಣವೂ 9609ರಲ್ಲಿ, ಸ್ಲೇಟು 9610ರಲ್ಲಿ. ಅಕ್ಕಪಕ್ಕದ ಮನೆಗಳು. ತೆಂಗಿನ ಕುಟುಂಬಕ್ಕೆ ಆ ಅದೃಷ್ಟವಿಲ್ಲ. ಕಾಯಿ 8ನೇ ಅಧ್ಯಾಯದಲ್ಲಿ, ಕೊಬ್ಬರಿ 12ರಲ್ಲಿ, ಸಂಸ್ಕರಿಸದ ಚಿಪ್ಪು 14ರಲ್ಲಿ, ಎಣ್ಣೆ 15ರಲ್ಲಿ, ಎಳನೀರು 20ರಲ್ಲಿ, ಹಿಂಡಿ 23ರಲ್ಲಿ, ಚಿಪ್ಪಿನಿಂದ ತೆಗೆದ ಆಕ್ಟಿವೇಟೆಡ್ ಕಾರ್ಬನ್ 38ರಲ್ಲಿ, ಚಿಪ್ಪಿನ ಇದ್ದಿಲು 44ರಲ್ಲಿ, ನಾರು 53ರಲ್ಲಿ, ನಾರಿನ ಚಾಪೆ 57ರಲ್ಲಿ. ತೆಂಗಿನ ಗರಿ ಸೀಳಿ ಕಟ್ಟಿದ ಕಡ್ಡಿ ಪೊರಕೆ 9603ಕ್ಕೆ ಸೇರುತ್ತದೆ, ಅಂದರೆ ಪೆನ್ನು ಇರುವ 96ನೇ ಅಧ್ಯಾಯಕ್ಕೇ. ಮೇಷ್ಟರ ಪೆನ್ನನ್ನೂ ಅಂಗಳದ ಪೊರಕೆಯನ್ನೂ ಒಂದೇ ಅಧ್ಯಾಯದಲ್ಲಿ ಕೂರಿಸಿದವರು ಕಾಯಿಯನ್ನೂ ಕೊಬ್ಬರಿಯನ್ನೂ ಬೇರೆ ಮಾಡಿದ್ದಾರೆ.

ಹಿನ್ನೆಲೆ

ಸರಕನ್ನು ವಿಂಗಡಿಸಿ ಸುಂಕ ಕೇಳುವುದು ಈ ಸೀಮೆಗೆ ಹೊಸದಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ (ದೊಡ್ಡ ಸುಂಕ), ಕಿರುಕುಳ (ಚಿಲ್ಲರೆ ಸುಂಕ) ಎಂಬ ಭೇದಗಳಿವೆ. ಎತ್ತಿನ ಹೇರಿನ ಲೆಕ್ಕದಲ್ಲಿ ಸುಂಕ ಎತ್ತುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರ ಹೆಸರೇ ಸುಂಕದ ಬಂಕಣ್ಣ. ಆದರೆ ಅದು ದಾರಿಯ ಸುಂಕ. ಕಡಲಿನ ಸುಂಕದ ಕಥೆ ಬೇರೆ. ಮೈಸೂರು ಸಂಸ್ಥಾನಕ್ಕೆ ಬಂದರಿರಲಿಲ್ಲ, ಹಾಗಾಗಿ ತುಮಕೂರು ಜಿಲ್ಲೆಯ ತೆಂಗಿಗೆ ಎದುರಾಳಿಯಾಗಿ ಹಡಗಿನಲ್ಲಿ ಬರುವ ಸರಕಿನ ದರವನ್ನು ನಿರ್ಧರಿಸುತ್ತಿದ್ದುದು ಬ್ರಿಟಿಷ್ ಇಂಡಿಯಾದ ಕಾನೂನು: 1878ರ ಸಮುದ್ರ ಸುಂಕ ಕಾಯ್ದೆ, 1894ರ ಮತ್ತು 1934ರ ಟ್ಯಾರಿಫ್ ಕಾಯ್ದೆಗಳು.

ಕೊಬ್ಬರಿಯ ವಿಷಯದಲ್ಲಿ ಗಮನಿಸಬೇಕಾದ ಮೊದಲ ಒಡಕು 1944ರ ಇಂಡಿಯನ್ ಕೋಕೊನಟ್ ಕಮಿಟಿ ಕಾಯ್ದೆಯಲ್ಲಿದೆ. ತೆಂಗಿನ ಕೃಷಿ ಮತ್ತು ಮಾರಾಟದ ಸುಧಾರಣೆಗೆ ಹಣ ಕೂಡಿಸಲು ಆ ಕಾಯ್ದೆ ಕೊಬ್ಬರಿಯ ಮೇಲೆ ಸೆಸ್ ಹಾಕಿತು. ಆದರೆ ಎಲ್ಲ ಕೊಬ್ಬರಿಯ ಮೇಲಲ್ಲ, ಗಿರಣಿಯಲ್ಲಿ ಅರೆಯುವ ಕೊಬ್ಬರಿಯ ಮೇಲೆ ಮಾತ್ರ. ಕೊಬ್ಬರಿ ಎಂದರೆ ಎಣ್ಣೆಯ ಕಚ್ಚಾಮಾಲು ಎನ್ನುವ ಮಲಬಾರಿನ ನೋಟ ಅಲ್ಲಿ ಕಾನೂನಿನ ಭಾಷೆಗೆ ಬಂತು. ಕಡಿದು ತಿನ್ನುವ ಕೊಬ್ಬರಿ ಆ ಲೆಕ್ಕದ ಹೊರಗೆ ಉಳಿಯಿತು.

ಸ್ವಾತಂತ್ರ್ಯಾನಂತರ 1962ರ ಕಸ್ಟಮ್ಸ್ ಕಾಯ್ದೆ, ಅದರ ಬೆನ್ನಿಗೆ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆ ಬಂದವು. ಎರಡನೆಯದು 1976ರ ಆಗಸ್ಟ್ 2ರಿಂದ ಜಾರಿಯಾಗಿ, ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಾದ ಬ್ರಸೆಲ್ಸ್ ನಾಮಾವಳಿಯನ್ನು ಆಧಾರವಾಗಿಟ್ಟುಕೊಂಡಿತು. 1983ರ ಜೂನ್ 14ರಂದು ಅದೇ ಬ್ರಸೆಲ್ಸ್‌ನಲ್ಲಿ ಹಾರ್ಮೊನೈಸ್ಡ್ ಸಿಸ್ಟಮ್ ಒಪ್ಪಂದವಾಯಿತು. ಜಗತ್ತಿನ ಮಟ್ಟದಲ್ಲಿ ಅದು 1988ರ ಜನವರಿ 1ರಿಂದ ಜಾರಿಗೆ ಬಂತು. ಭಾರತ ಸುಮಾರು ಎರಡು ವರ್ಷ ಮೊದಲೇ, 1986ರ ಫೆಬ್ರುವರಿ 28ರಿಂದ, ಅದನ್ನು ಅಳವಡಿಸಿಕೊಂಡಿತ್ತು. ವ್ಯಾಪಾರದವರು ಎಚ್‌ಎಸ್‌ಎನ್ ಕೋಡ್ ಎನ್ನುವುದು ಇದನ್ನೇ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ಅದರಾಚೆಯ ಅಂಕಿಗಳು ಆಯಾ ದೇಶದ ಸ್ವಂತದವು. ಭಾರತದ ಆಮದು ಸುಂಕಪಟ್ಟಿ 2003ರಲ್ಲಿ ಎಂಟು ಅಂಕಿಗೆ ಬೆಳೆಯಿತು, ಅಬಕಾರಿ ಪಟ್ಟಿ 2005ರಲ್ಲಿ.

ಕಾಯಿ ಮತ್ತು ಕೊಬ್ಬರಿ

0801ನೇ ಶೀರ್ಷಿಕೆ ತೆಂಗಿನಕಾಯಿಯನ್ನು ಗೋಡಂಬಿಯ ಜೊತೆಗೆ ಇಡುತ್ತದೆ. ಹಸಿಯಾಗಿರಲಿ ಒಣಗಿರಲಿ, ಚಿಪ್ಪಿರಲಿ ಇಲ್ಲದಿರಲಿ. ತುರಿದು ಒಣಗಿಸಿದ ಕಾಯಿಪುಡಿಗೆ 0801 11, ಚಿಪ್ಪಿನೊಳಗೇ ಇರುವ ಕಾಯಿಗೆ 2012ರ ಪರಿಷ್ಕರಣೆಯಲ್ಲಿ ಸೇರಿದ 0801 12, ಉಳಿದದ್ದಕ್ಕೆ 0801 19. ಕೊಬ್ಬರಿ ಇಲ್ಲಿಲ್ಲ. ಅದು ಎಣ್ಣೆಕಾಳುಗಳ 12ನೇ ಅಧ್ಯಾಯದಲ್ಲಿ, ಶೇಂಗಾದ ಮಗ್ಗುಲಲ್ಲಿ, 1203 ಎಂಬ ತನ್ನದೇ ಶೀರ್ಷಿಕೆಯಲ್ಲಿದೆ. ಈ ಶೀರ್ಷಿಕೆಗೆ ಅಂತರರಾಷ್ಟ್ರೀಯ ವಿವರಣಾ ಟಿಪ್ಪಣಿ ಕೊಡುವ ಅರ್ಥ ಸ್ಪಷ್ಟವಾಗಿದೆ: ಕೊಬ್ಬರಿ ಎಂದರೆ ಸಾಮಾನ್ಯವಾಗಿ ಎಣ್ಣೆ ತೆಗೆಯಲು ಬಳಸುವ ತೆಂಗಿನ ಒಣ ತಿರುಳು, ಅದು ಮನುಷ್ಯರು ತಿನ್ನಲು ಯೋಗ್ಯವಲ್ಲ.

ತಿಪಟೂರಿನಲ್ಲಿ ಈ ವಾಕ್ಯವನ್ನು ಗಟ್ಟಿಯಾಗಿ ಓದಿದರೆ ಜನ ನಕ್ಕಾರು. ಫಿಲಿಪೀನ್ಸ್, ಇಂಡೊನೇಷ್ಯಾ, ಕೇರಳಗಳಲ್ಲಿ ಕಾಯಿಯನ್ನು ಒಡೆದು, ಹೋಳನ್ನು ಬಿಸಿಲಿನಲ್ಲೋ ಹೊಗೆಯಲ್ಲೋ ಒಣಗಿಸಿ ಗಾಣಕ್ಕೆ ಹಾಕುತ್ತಾರೆ. ಟಿಪ್ಪಣಿ ಬರೆದವರ ಕಣ್ಣ ಮುಂದಿದ್ದುದು ಆ ಹೋಳು. ಕಲ್ಪತರು ನಾಡು ಎನಿಸಿದ ತುಮಕೂರು ಸೀಮೆಯ ಉಂಡೆ ಕೊಬ್ಬರಿಯ ಹುಟ್ಟೇ ಬೇರೆ. ಬಲಿತ ಕಾಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ ಎಂಟು ತಿಂಗಳಿಂದ ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ತಿರುಳಿಗೆ ಏಟು ತಾಗದಂತೆ ಚಿಪ್ಪು ಒಡೆದು ಇಡೀ ಉಂಡೆಯನ್ನು ಹೊರತೆಗೆಯುವುದು ಕೈಪಳಗಿದವರ ಕೆಲಸ. ಆ ಉಂಡೆ ಗಾಣಕ್ಕೆ ಹೋಗುವುದು ಕಡಿಮೆ. ಮದುವೆಯ ಮಡಿಲಕ್ಕಿಗೆ, ಸಂಕ್ರಾಂತಿಯ ಎಳ್ಳಿಗೆ, ಉತ್ತರ ಭಾರತದ ಹಬ್ಬದ ಸಿಹಿತಿಂಡಿಗೆ ಹೋಗುತ್ತದೆ. ಅಂದರೆ ಅದು ತಿನ್ನುವುದಕ್ಕೆಂದೇ ಮಾಡಿದ ಕೊಬ್ಬರಿ.

ಕೇಂದ್ರ ಸರ್ಕಾರಕ್ಕೆ ಈ ವ್ಯತ್ಯಾಸ ತಿಳಿಯದೇ ಇಲ್ಲ. ಕನಿಷ್ಠ ಬೆಂಬಲ ಬೆಲೆ ಪ್ರಕಟಿಸುವಾಗ ಅದು ಎರಡು ದರ ಹೇಳುತ್ತದೆ: 2025ರ ಹಂಗಾಮಿಗೆ ಕ್ವಿಂಟಲ್‌ಗೆ ಗಿರಣಿ ಕೊಬ್ಬರಿಗೆ 11,582 ರೂಪಾಯಿ, ಉಂಡೆ ಕೊಬ್ಬರಿಗೆ 12,100 ರೂಪಾಯಿ. ಕೊಳ್ಳುವಾಗ ಎರಡು ಸರಕು, ತೆರಿಗೆ ಹಾಕುವಾಗ ಒಂದೇ ಸರಕು.

ಕೇಂದ್ರ ಮಾರಾಟ ತೆರಿಗೆಯ ಕಾಲದಲ್ಲೂ ಗೊಂದಲವಿತ್ತು. 1956ರ ಆ ಕಾಯ್ದೆಯ 14ನೇ ಕಲಮು ಎಣ್ಣೆಕಾಳುಗಳ ಪಟ್ಟಿಯಲ್ಲಿ ತೆಂಗನ್ನು ಸೇರಿಸಿ, ತೆಂಗೆಂದರೆ ಕೊಬ್ಬರಿ, ಎಳನೀರಲ್ಲ ಎಂದು ವಿವರಿಸಿತ್ತು. ನಡುವಿನ ಬಲಿತ ಕಾಯಿಯ ಗತಿಯನ್ನು ವಾದಕ್ಕೆ ಬಿಟ್ಟಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಹಸಿ ಮತ್ತು ಒಣ ತೆಂಗಿನಕಾಯಿಗೆ ತೆರಿಗೆ ಇಲ್ಲ, ಕೊಬ್ಬರಿಗೆ ಶೇ 5 ಎಂದಾಯಿತು. ಒಣಗಿದ, ಚಿಪ್ಪು ತೆಗೆದ ಕಾಯಿಗೂ ಉಂಡೆ ಕೊಬ್ಬರಿಗೂ ಏನು ಅಂತರ ಎಂಬ ಪ್ರಶ್ನೆ ಏಳಲೇಬೇಕಿತ್ತು, ಎದ್ದಿತು. 2021ರ ಅಕ್ಟೋಬರ್ 6ರ ಸುತ್ತೋಲೆಯಲ್ಲಿ (163/19/2021) ಪರೋಕ್ಷ ತೆರಿಗೆ ಮಂಡಳಿ ಮೇಲಿನ ವಿವರಣಾ ಟಿಪ್ಪಣಿಯನ್ನೇ ಮುಂದಿಟ್ಟು, ಕಾಯಿಗಿರುವ ವಿನಾಯಿತಿ ಕೊಬ್ಬರಿಗೆ ಸಲ್ಲುವುದಿಲ್ಲ ಎಂದಿತು. ತಿನ್ನಲಾಗದ ವಸ್ತು ಎಂಬ ಲಕ್ಷಣವನ್ನು ಆಧರಿಸಿದ ಉತ್ತರವನ್ನು ತಿನ್ನುವ ಕೊಬ್ಬರಿಗೂ ಅನ್ವಯಿಸುವುದು ತರ್ಕಕ್ಕೆ ಒಗ್ಗುವುದಿಲ್ಲ. ಆದರೂ ವಹಿವಾಟಿನಲ್ಲಿ ಹೆಸರಿಗೇ ಬೆಲೆ. ಮಾರುಕಟ್ಟೆಯಲ್ಲಿ ಅದನ್ನು ಯಾರೂ ಒಣಕಾಯಿ ಎನ್ನುವುದಿಲ್ಲ.

ಎಣ್ಣೆ: ಅಡುಗೆಗೋ ತಲೆಗೋ

ಕೊಬ್ಬರಿ ಎಣ್ಣೆ 1513ರಲ್ಲಿ ತಾಳೆಬೀಜದ ಎಣ್ಣೆಯ ಜೊತೆ ಒಂದೇ ಶೀರ್ಷಿಕೆ ಹಂಚಿಕೊಂಡಿದೆ, ಎರಡರಲ್ಲೂ ಲಾರಿಕ್ ಆಮ್ಲ ಹೆಚ್ಚಿರುವುದರಿಂದ. ಅದನ್ನು ಕೂದಲಿನ ಪ್ರಸಾಧನಗಳ 3305ಕ್ಕೆ ಎಳೆಯುವ ಪ್ರಯತ್ನವೇ ಈ ಚರಿತ್ರೆಯ ಅತಿ ದೀರ್ಘ ವ್ಯಾಜ್ಯ. ಅಬಕಾರಿ ಪಟ್ಟಿ ಎಂಟು ಅಂಕಿಗೆ ಬದಲಾದ ಮೇಲೆ ಇಲಾಖೆ, ಸಣ್ಣ ಬಾಟಲಿಯಲ್ಲಿ ಮಾರುವ ಕೊಬ್ಬರಿ ಎಣ್ಣೆ ಕೇಶತೈಲವೇ ಎಂದು ಪಟ್ಟು ಹಿಡಿಯಿತು. 2009ರ ಜೂನ್‌ನಲ್ಲಿ 200 ಮಿಲಿಲೀಟರ್‌ವರೆಗಿನ ಪ್ಯಾಕ್‌ಗಳನ್ನು 3305ಕ್ಕೆ ಸೇರಿಸುವ ಸುತ್ತೋಲೆ ಹೊರಟಿತು, 2015ರಲ್ಲಿ ಹಿಂದಕ್ಕೆ ಹೋಯಿತು. ಸೇಲಂನ ಅಬಕಾರಿ ಆಯುಕ್ತರು ಮತ್ತು ಮದನ್ ಆಗ್ರೊ ಇಂಡಸ್ಟ್ರೀಸ್ ನಡುವಿನ ಮೊಕದ್ದಮೆಯಲ್ಲಿ 2018ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ಹೋದರು: ರಂಜನ್ ಗೊಗೊಯ್ ಖಾದ್ಯತೈಲ ಎಂದರು, ಆರ್. ಭಾನುಮತಿ ಕೇಶತೈಲ ಎಂದರು. 2024ರ ಡಿಸೆಂಬರ್ 18ರಂದು ಮೂವರ ಪೀಠ, ಪ್ಯಾಕ್ ಚಿಕ್ಕದೆಂಬ ಮಾತ್ರಕ್ಕೆ ಎಣ್ಣೆ ಕೇಶತೈಲವಾಗದು, ಕೂದಲಿಗೆಂದೇ ಮಾರುತ್ತಿರುವ ಗುರುತು ಲೇಬಲ್‌ನಲ್ಲೋ ಪ್ಯಾಕಿನಲ್ಲೋ ಇರಬೇಕು ಎಂದು ತೀರ್ಮಾನಿಸಿತು.

ಕರ್ನಾಟಕದಲ್ಲಿ ಕೂತು ನೋಡಿದರೆ ಇಬ್ಬರು ನ್ಯಾಯಮೂರ್ತಿಗಳೂ ಸರಿ. ಕಾಸರಗೋಡಿನಿಂದ ಉಡುಪಿಯವರೆಗೆ ಅದೇ ಎಣ್ಣೆ ಒಗ್ಗರಣೆಗೆ ಬೀಳುತ್ತದೆ. ಘಟ್ಟ ಹತ್ತಿ ತುರುವೇಕೆರೆಗೆ ಬಂದರೆ, ಊರ ತುಂಬ ತೆಂಗಿದ್ದರೂ ಅಡುಗೆಗೆ ಶೇಂಗಾ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ. 2025ರ ಸೆಪ್ಟೆಂಬರ್ 22ರಿಂದ ಕೇಶತೈಲದ ಜಿಎಸ್‌ಟಿಯನ್ನೂ ಶೇ 18ರಿಂದ ಖಾದ್ಯತೈಲದಂತೆಯೇ ಶೇ 5ಕ್ಕೆ ಇಳಿಸಿದ್ದರಿಂದ ಈ ಜಗಳಕ್ಕೆ ಈಗ ಹಣದ ಬಲವಿಲ್ಲ.

ಆಮದು ತಡೆ

ಬೆಳೆಗಾರರಿಗೆ ವರ್ಗೀಕರಣ ಮುಖ್ಯವಾಗುವುದು ಅದರ ಮೇಲೆ ನಿಲ್ಲುವ ಗೋಡೆಯಿಂದಾಗಿ. ಕಾಯಿ ಮತ್ತು ಕೊಬ್ಬರಿಗೆ ಶೇ 70, ಕೊಬ್ಬರಿ ಎಣ್ಣೆಗೆ ಶೇ 100ರ ಆಮದು ಸುಂಕವನ್ನು ಭಾರತ ಇಟ್ಟುಕೊಂಡು ಬಂದಿದೆ. ಎಣ್ಣೆಯ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಗೆ ಒಪ್ಪಿಕೊಂಡಿರುವ ಮಿತಿ ಶೇ 300. ಆದರೂ ಒಂದು ಕಿಂಡಿ ಮುಚ್ಚಲು ಇನ್ನೊಂದು ಸಾಧನ ಬೇಕಾಯಿತು: 2019ರ ಡಿಸೆಂಬರ್‌ನಲ್ಲಿ, ಕಿಲೋಗೆ 150 ರೂಪಾಯಿಗಿಂತ ಕಡಿಮೆ ಬೆಲೆಯ ಕಾಯಿಪುಡಿಯ ಆಮದನ್ನು ನಿಷೇಧಿಸಲಾಯಿತು. ತುಮಕೂರು ಜಿಲ್ಲೆಯಲ್ಲಿ ಕಾಯಿಪುಡಿ ಕಾರ್ಖಾನೆಗಳಿರುವುದರಿಂದ ಇಲ್ಲಿಯ ಹಸಿಕಾಯಿಯ ದರಕ್ಕೂ 0801 11ಕ್ಕೂ ನೇರ ನಂಟು. ನಿಷೇಧ ಆ ಆರು ಅಂಕಿಗೆ ಅಂಟಿಕೊಂಡದ್ದು. ಬೇರೆ ಅಂಕಿಯಡಿ ಬರುವ ಸರಕಿಗೆ ಅದು ತಾಗುವುದಿಲ್ಲ.

ಹಾರ್ಮೊನೈಸ್ಡ್ ಸಿಸ್ಟಮ್‌ನ 2022ರ ಪರಿಷ್ಕರಣೆ ಎಳನೀರನ್ನು 2009ನೇ ಶೀರ್ಷಿಕೆಯಲ್ಲಿ ಹೆಸರಿಟ್ಟು ಸೇರಿಸಿತು, ಚಿಪ್ಪಿನ ಇದ್ದಿಲಿಗೆ 4402 20 ಎಂಬ ಪ್ರತ್ಯೇಕ ಸ್ಥಾನ ಕೊಟ್ಟಿತು. ಮುಂದಿನ ಜಾಗತಿಕ ಆವೃತ್ತಿ 2028ರ ಜನವರಿ 1ರಿಂದ. ಉಂಡೆ ಕೊಬ್ಬರಿಗೆ ಬೇರೆ ಸಾಲು ಬೇಕಾದರೆ ಅದಕ್ಕಾಗಿ ಬ್ರಸೆಲ್ಸ್‌ನತ್ತ ನೋಡಬೇಕಿಲ್ಲ, ಕೊನೆಯ ಎರಡು ಅಂಕಿ ದೆಹಲಿಯ ಕೈಯಲ್ಲೇ ಇವೆ. 14ನೇ ಅಧ್ಯಾಯದಲ್ಲಿ ವೀಳ್ಯದೆಲೆಗೆ, ಬೀಡಿ ಎಲೆಗೆ, ರುದ್ರಾಕ್ಷಿಗೆ ಭಾರತ ತನ್ನದೇ ಸಾಲುಗಳನ್ನು ಬರೆದುಕೊಂಡಿದೆ. ಕೊಬ್ಬರಿಯದು ಮಾತ್ರ 1203 00 00.