ಬಾನುಲಿಯ ಖರ್ಚು ಯಾರದು?

ರೇಡಿಯೋ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಂತೆ ಹೇಳಿಕೊಳ್ಳುತ್ತೇವೆ: ಮೊದಲು ಸರ್ಕಾರದ ಆಕಾಶವಾಣಿ, ಆಮೇಲೆ ಖಾಸಗಿ ಎಫ್‌ಎಂ, ಈಗ ಪಾಡ್‌ಕಾಸ್ಟ್. ನಡೆದದ್ದು ಹಾಗಲ್ಲ. ಭಾರತದಲ್ಲಿ ಕ್ರಮಬದ್ಧ ಪ್ರಸಾರಕ್ಕೆ ಕೈಹಾಕಿದ್ದು ಒಂದು ಖಾಸಗಿ ಕಂಪನಿ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರಲ್ಲಿ ಮುಂಬೈಯಲ್ಲೂ ಕಲ್ಕತ್ತದಲ್ಲೂ ಕೇಂದ್ರ ತೆರೆಯಿತು. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ಕಟ್ಟಬೇಕು, ಅದರ ಬಹುಪಾಲು ಕಂಪನಿಗೆ ಬರಬೇಕು ಎಂಬುದು ಲೆಕ್ಕಾಚಾರ. ಲೈಸೆನ್ಸುಗಳ ಸಂಖ್ಯೆ 8,000 ಮುಟ್ಟಲಿಲ್ಲ. 1930ರಲ್ಲಿ ಕಂಪನಿ ಮುಳುಗಿತು. ಸರ್ಕಾರ ಅದನ್ನು ವಹಿಸಿಕೊಂಡದ್ದು ಆಮೇಲೆ. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು.

ಮೈಸೂರಿನ ಕತೆ ಇನ್ನೂ ಸ್ವಾರಸ್ಯದ್ದು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟರು. ಸ್ವಾತಂತ್ರ್ಯಾನಂತರ ದೇಶದ ಬಾನುಲಿಯೂ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಸ್ವಂತ ಮನೆ, ಸ್ವಂತ ಉತ್ಸಾಹ: ಇಂದಿನ ಪಾಡ್‌ಕಾಸ್ಟಿನವರು ಮಾಡುವುದಕ್ಕೂ ಇದಕ್ಕೂ ದೂರವಿಲ್ಲ. ಆದರೆ ಒಬ್ಬರ ಉತ್ಸಾಹದ ಮೇಲೆ ಕೇಂದ್ರವೊಂದು ಎಷ್ಟು ವರ್ಷ ನಡೆದೀತು? 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವೇ ಅದನ್ನು ವಹಿಸಿಕೊಂಡಿತು.

ಹಾಗಾಗಿ ಈ ಮೂರು ಬಗೆಗಳ ನಡುವಿನ ವ್ಯತ್ಯಾಸವನ್ನು ತಂತ್ರಜ್ಞಾನದಲ್ಲಿ ಹುಡುಕುವುದಕ್ಕಿಂತ ಒಂದು ಸರಳ ಪ್ರಶ್ನೆ ಕೇಳುವುದು ಒಳ್ಳೆಯದು: ಖರ್ಚು ಯಾರದು? ಯಾರು ದುಡ್ಡು ಕೊಡುತ್ತಾರೋ ಅದರ ಮೇಲೆ ಕೇಳುಗ ಎಂದರೆ ಯಾರು ಎಂಬುದು ನಿರ್ಧಾರವಾಗುತ್ತದೆ.

ಆಕಾಶವಾಣಿಗೆ ಕೇಳುಗನೆಂದರೆ ಪ್ರಜೆ. ಅವನು ಸೋಪು ಕೊಳ್ಳಲಿ ಬಿಡಲಿ, ಅವನನ್ನು ತಲುಪುವುದು ಅದರ ಕರ್ತವ್ಯ. ಆದ್ದರಿಂದಲೇ ರೈತರಿಗೊಂದು ಕಾರ್ಯಕ್ರಮ, ಮಕ್ಕಳಿಗೊಂದು. ಆದ್ದರಿಂದಲೇ ಮಂಗಳೂರು ಕೇಂದ್ರದಲ್ಲಿ ತುಳು, ಕೊಂಕಣಿ. ಮಡಿಕೇರಿಯಲ್ಲಿ ಕೊಡವ ಭಾಷೆ. ಕನ್ನಡದ ರಾಷ್ಟ್ರೀಯ ವಾರ್ತೆಯನ್ನು ದಶಕಗಳ ಕಾಲ ಓದುತ್ತಿದ್ದದ್ದು ದೆಹಲಿಯಲ್ಲಿ ಕುಳಿತವರು. ಜಾಹೀರಾತಿನ ಲೆಕ್ಕ ಹಾಕಿದ್ದರೆ ಇವುಗಳಲ್ಲಿ ಎಷ್ಟು ಉಳಿಯುತ್ತಿದ್ದವು?

ಆದರೆ ಪ್ರಜೆಯ ಹಿತ ಯಾವುದೆಂದು ತೀರ್ಮಾನಿಸುವವರು ಮಂತ್ರಿಗಳು. 1952ರಲ್ಲಿ ಪ್ರಸಾರ ಖಾತೆಗೆ ಬಂದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತಕ್ಕೆ ಮಣೆ ಹಾಕಿ ಸಿನಿಮಾ ಹಾಡನ್ನು ಹೊರಗಟ್ಟಿದರು. ಜನ ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆ ತಿರುಗಿಸಿದರು. ಅಲ್ಲಿ ಟೂತ್‌ಪೇಸ್ಟ್ ಕಂಪನಿಯೊಂದರ ದುಡ್ಡಿನಲ್ಲಿ ಅಮೀನ್ ಸಯಾನಿ 'ಬಿನಾಕಾ ಗೀತ್‌ಮಾಲಾ' ನಡೆಸುತ್ತಿದ್ದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಈ ಸೋಲಿನಿಂದ. 1967ರಲ್ಲಿ ಅದರಲ್ಲೂ ಜಾಹೀರಾತು ಬಂತು. ಸರ್ಕಾರಿ ರೇಡಿಯೋದೊಳಗೆ ಮಾರುಕಟ್ಟೆ ಕಾಲಿಟ್ಟದ್ದು ಖಾಸಗಿ ಎಫ್‌ಎಂಗಿಂತ ಮೂರು ದಶಕಗಳಷ್ಟು ಮೊದಲು.

ಗಾಳಿಯಲೆಗಳು ಸಾರ್ವಜನಿಕರ ಆಸ್ತಿ, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಶುರುವಾಯಿತು. ಕೇಳುಗ ಈಗ ಗಿರಾಕಿ. ಅವನಿಗೆ ಬೇಸರವಾಗದಂತೆ ನೋಡಿಕೊಳ್ಳುವುದೇ ಕಸುಬು. ಸ್ವಂತ ಸುದ್ದಿ ಬಿತ್ತರಿಸಲು ಈ ಕೇಂದ್ರಗಳಿಗೆ ಅನುಮತಿಯಿಲ್ಲ. 2011ರ ನೀತಿ ಕೊಟ್ಟದ್ದು ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆಯೇ ಮರುಪ್ರಸಾರ ಮಾಡುವ ಅವಕಾಶವನ್ನು ಮಾತ್ರ. ಇಲ್ಲಿ ಪರವಾನಗಿ ಕೊಡುವುದು ಊರು ಊರಿಗೆ. ಆ ಊರಿನಲ್ಲಿ ಜಾಹೀರಾತುದಾರನಿಗೆ ಬೇಕಾದಷ್ಟು ಜನ ಯಾವ ಭಾಷೆಯವರೋ, ಆ ಭಾಷೆಯೇ ಮೈಕಿನ ಭಾಷೆ. ಬೆಂಗಳೂರಿನ ಕೇಂದ್ರಗಳಲ್ಲಿ ಹೆಚ್ಚಿನವು ಬರಬರುತ್ತ ಕನ್ನಡದ ಕಡೆ ವಾಲಿದವು. ಅದೇ ಲೆಕ್ಕ ಮುಂಬೈ, ಪುಣೆ, ಚೆನ್ನೈಗಳಲ್ಲಿ ನಮ್ಮನ್ನು ಹೊರಗಿಡುತ್ತದೆ. ಯಾರ ದ್ವೇಷವೂ ಇದಕ್ಕೆ ಬೇಕಿಲ್ಲ, ಗುಣಾಕಾರ ಸಾಕು.

ಇಲ್ಲೊಂದು ಪದದ ವಿಚಾರ. ನಮ್ಮ 'ಬಿತ್ತರ' ಬಂದದ್ದು 'ವಿಸ್ತಾರ'ದಿಂದ. ಬಿತ್ತನೆಗೂ ಅದಕ್ಕೂ ನಂಟಿಲ್ಲ. ಆದರೆ ಇಂಗ್ಲಿಷಿನ ಬ್ರಾಡ್‌ಕಾಸ್ಟ್ ನಿಜವಾಗಿಯೂ ಹೊಲದಿಂದಲೇ ಬಂದ ಮಾತು: ಕೈಬೀಸಿ ಬೀಜ ಎರಚುವುದು. ಯಾವ ಕಾಳು ಎಲ್ಲಿ ಬಿತ್ತೆಂದು ಎರಚಿದವನಿಗೆ ಗೊತ್ತಾಗದು. 2004ರಲ್ಲಿ ಹುಟ್ಟಿದ ಪಾಡ್‌ಕಾಸ್ಟಿಂಗ್ ಎಂಬ ಪದ ಆ ಬಾಲವನ್ನು ಇಟ್ಟುಕೊಂಡರೂ ಕೆಲಸ ಅದರದ್ದಲ್ಲ. ಇಲ್ಲಿ ಕೇಳುಗನೇ ಬಂದು ಕಾಳನ್ನು ಆರಿಸಿಕೊಂಡು ಹೋಗುತ್ತಾನೆ. ಟವರ್ ಬೇಡ, ಪರವಾನಗಿ ಬೇಡ, ಊರಿನ ಗಡಿಯೂ ಇಲ್ಲ. ಮುಂಬೈ ಮೂಲದ ಐವಿಎಂ ಸಂಸ್ಥೆಯಿಂದ 'ತಲೆ-ಹರಟೆ'ಯಂಥ ಕನ್ನಡ ಪಾಡ್‌ಕಾಸ್ಟ್ ಹೊರಬರಲು ಸಾಧ್ಯವಾದದ್ದು ಇದರಿಂದ. ಒಂದು ಊರಿನಲ್ಲಿ ಲೆಕ್ಕಕ್ಕೆ ಸಾಲದ ನಾವು, ಎಲ್ಲ ಊರುಗಳಿಂದ ಕೂಡಿದರೆ ಒಂದು ಸಭೆಗೆ ಸಾಲುತ್ತೇವೆ.

ಇಷ್ಟಾದರೂ ಪಾಡ್‌ಕಾಸ್ಟಿಗೆ ಯಾವ ಋಣವೂ ಇಲ್ಲ. ಹುಡುಕಿ ಬಂದವನಿಗೆ ಮಾತ್ರ ಅದು ಸಿಗುತ್ತದೆ. ಹುಡುಕಬೇಕೆಂದು ಗೊತ್ತಿಲ್ಲದವನ ಕಿವಿಗೆ ಅಕಸ್ಮಾತ್ತಾಗಿ ಬೀಳದು. ಮಾಡುವವರು ದಣಿದರೆ ನಿಲ್ಲುತ್ತದೆ. ಮೈಸೂರಿನ ಆ ಮನೆಯ ಪ್ರಶ್ನೆ ಮತ್ತೆ ಅಲ್ಲೇ ನಿಂತಿದೆ, ಆದರೆ ಈ ಸಲ ವಹಿಸಿಕೊಳ್ಳಲು ಯಾವ ಸಂಸ್ಥಾನವೂ ಬರುವುದಿಲ್ಲ.

ಹೊರನಾಡಿನಲ್ಲಿ ಕೂತು ಕನ್ನಡ ಕೇಳುವ ನಾವು ಪಾಡ್‌ಕಾಸ್ಟನ್ನು ಆಕಾಶವಾಣಿಯ ಬದಲಿ ಎಂದುಕೊಂಡರೆ ಮಡಿಕೇರಿಯ ಕೇಳುಗನನ್ನು ಮರೆತಂತೆ. ಕೊಡವ ಭಾಷೆಯ ಒಂದು ಗಂಟೆಗೆ ಮಾರುಕಟ್ಟೆಯೂ ಸಾಲದು, ಚಂದಾದಾರರೂ ಸಾಲರು. ಅದಕ್ಕೆ ಬೇಕಾದದ್ದು ತೆರಿಗೆಯ ದುಡ್ಡು, ಮತ್ತು ಆ ದುಡ್ಡನ್ನು ಹಾಗೆ ಖರ್ಚು ಮಾಡುವುದು ಸರಿ ಎಂದು ಒಪ್ಪುವ ನಮ್ಮಂಥವರು. ಇನ್ನು ನಮ್ಮ ಇಷ್ಟದ ಪಾಡ್‌ಕಾಸ್ಟಿನ ಖರ್ಚೋ, ಅದನ್ನು ನಾವೇ ಹೊರಬೇಕು.