ಚಿತ್ರಶಾಲೆಯ ಪುಸ್ತಕಭಂಡಾರದಲ್ಲಿ ಉಮೇದುವಾರಿ

ಚಿತ್ರಶಾಲೆಯನ್ನು ನೋಡಹೋದವರು ಗೋಡೆಯ ಮೇಲಣ ಚಿತ್ರಗಳನ್ನೂ ಪೀಠದ ಮೇಲಣ ವಿಗ್ರಹಗಳನ್ನೂ ಕಂಡು ಸಂತೋಷಪಟ್ಟು ಹಿಂದಿರುಗುವರು. ಚಿತ್ರದ ಪಕ್ಕದಲ್ಲಿ ಅಂಟಿಸಿರುವ ಚಿಕ್ಕ ಚೀಟಿಯಲ್ಲಿ ಬರೆದವನ ಹೆಸರು, ಬರೆದ ಕಾಲ, ಅದು ಯಾರ ಕೈಯಿಂದ ಅಲ್ಲಿಗೆ ಬಂದಿತೆಂಬ ಒಂದು ಮಾತು ಇರುವುದುಂಟು. ಈ ಸಂಗತಿಗಳನ್ನು ಯಾರು, ಯಾವ ಆಧಾರದಿಂದ ನಿಶ್ಚಯಿಸಿದರೆಂದು ಕೇಳುವವರು ವಿರಳ. ಆಧಾರಗಳೆಲ್ಲ ಇರುವುದು ಚಿತ್ರಶಾಲೆಗೆ ಸೇರಿದ ಪುಸ್ತಕಭಂಡಾರದಲ್ಲಿ. ಆ ಭಂಡಾರದ ಬೀಗದಕೈ ಎಂದರೆ ಅದರ ಅನುಕ್ರಮಣಿಕೆ. ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಪದವೀಧರರಾದ ವಿದ್ಯಾರ್ಥಿಗಳು ಕೆಲವು ತಿಂಗಳ ಕಾಲ ಇಂಥ ಭಂಡಾರಗಳಲ್ಲಿದ್ದು, ಹಿರಿಯರ ಕೈಕೆಳಗೆ ಅನುಕ್ರಮಣಿಕೆಯ ಕೆಲಸವನ್ನು ಕಲಿಯುವ ಪದ್ಧತಿಯಿದೆ. ನಮ್ಮ ಕಚೇರಿಗಳ ಹಳೆಯ ಮಾತಿನಲ್ಲಿ ಇದನ್ನು ಉಮೇದುವಾರಿ ಎನ್ನಬಹುದು. ಮೇಲುನೋಟಕ್ಕೆ ಗುಮಾಸ್ತೆಯ ಕೆಲಸದಂತೆ ತೋರುವ ಇದರ ಹಿಂದೆ ಎಂಥ ಇತಿಹಾಸವಿರುವುದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಹಿಂದೆ ಪುಸ್ತಕಗಳ ಪಟ್ಟಿಯನ್ನು ಬರೆಯುವುದು ಒಂದು ವಿದ್ಯೆಯೆಂದು ಯಾರೂ ಎಣಿಸಿರಲಿಲ್ಲ. 1876ರಲ್ಲಿ ಅಮೆರಿಕದ ಚಾರ್ಲ್ಸ್ ಕಟ್ಟರ್ ಎಂಬವರು ಅನುಕ್ರಮಣಿಕೆಯ ನಿಯಮಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಕರ್ತೃವಿನ ಹೆಸರನ್ನು ಬಲ್ಲವನಿಗೂ, ಗ್ರಂಥದ ಹೆಸರನ್ನು ಬಲ್ಲವನಿಗೂ, ವಿಷಯವೊಂದನ್ನು ಮಾತ್ರ ಬಲ್ಲವನಿಗೂ ಬೇಕಾದ ಪುಸ್ತಕವು ದೊರೆಯುವಂತಿರಬೇಕೆಂಬುದು ಆ ನಿಯಮಗಳ ಮೂಲತತ್ತ್ವ. 1887ರ ಜನವರಿಯಲ್ಲಿ ಮೆಲ್ವಿಲ್ ಡ್ಯೂಯಿಯವರು ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಈ ವಿದ್ಯೆಗೆಂದು ಮೊದಲ ಪಾಠಶಾಲೆಯನ್ನು ತೆರೆದರು. ಬಂದ ವಿದ್ಯಾರ್ಥಿಗಳು 20 ಮಂದಿ. ಅವರಲ್ಲಿ 17 ಮಂದಿ ಸ್ತ್ರೀಯರು. ಸ್ತ್ರೀಯರಿಗೆ ಪ್ರವೇಶ ಕೊಡುವುದು ಕಾಲೇಜಿನ ಧರ್ಮದರ್ಶಿಗಳಿಗೆ ಸಮ್ಮತವಾಗಿರಲಿಲ್ಲ. ಆದಕಾರಣ ಉಪಯೋಗದಲ್ಲಿಲ್ಲದ ಒಂದು ಸಾಮಾನುಕೋಣೆಯಲ್ಲಿ ಪಾಠಗಳು ನಡೆದವು. ಎರಡು ವರ್ಷಗಳಲ್ಲಿ ಆ ಶಾಲೆಯು ಆಲ್ಬನಿಗೆ ಹೋಗಬೇಕಾಯಿತು. ಚೀಟಿಗಳ ಮೇಲೆ ಎಲ್ಲರೂ ಓದಬಲ್ಲಂತೆ ದುಂಡಾದ ಅಕ್ಷರ ಬರೆಯುವುದನ್ನೂ ಅಲ್ಲಿ ಅಭ್ಯಾಸಮಾಡಿಸುತ್ತಿದ್ದರು. ಕೇಳಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದೇ ಈ ವಿದ್ಯೆಯ ಕ್ರಮವೆಂಬುದು ಅಂದಿನಿಂದಲೇ ಸ್ಥಿರವಾಯಿತೆನ್ನಬಹುದು.

ಕಲಾಗ್ರಂಥಗಳ ಭಂಡಾರದಲ್ಲಿ ಈ ಕೆಲಸದ ಕಷ್ಟ ಇಮ್ಮಡಿಯಾಗುತ್ತದೆ. ಮೊದಲನೆಯದು ಹೆಸರಿನ ತೊಡಕು. ಸ್ಪೇನ್ ದೇಶದಲ್ಲಿ ಕೀರ್ತಿಪಡೆದ ಎಲ್ ಗ್ರೆಕೊ ಎಂಬ ಚಿತ್ರಕಾರನ ನಿಜವಾದ ಹೆಸರು ದೊಮೆನಿಕೊಸ್ ಥಿಯೊಟೊಕೊಪೌಲೊಸ್. ಎಲ್ ಗ್ರೆಕೊ ಎಂದರೆ ಗ್ರೀಕನು ಎಂದಷ್ಟೇ ಅರ್ಥ. ಅವನಾದರೋ ತನ್ನ ಚಿತ್ರಗಳಲ್ಲಿ ಗ್ರೀಕ್ ಲಿಪಿಯಲ್ಲಿಯೇ ರುಜು ಹಾಕುತ್ತಿದ್ದನು. ಒಬ್ಬನೇ ಮನುಷ್ಯನು ಎರಡು ಹೆಸರುಗಳಲ್ಲಿ ಎರಡು ಕಡೆ ಕುಳಿತರೆ ಅವನನ್ನು ಕುರಿತ ಅರ್ಧ ಪುಸ್ತಕಗಳು ಓದುಗನಿಗೆ ಇಲ್ಲದಂತೆಯೇ ಸರಿ. ಒಂದು ಹೆಸರನ್ನು ಮುಖ್ಯವೆಂದು ಹಿಡಿದು, ಉಳಿದವುಗಳಿಂದ ಅದರ ಕಡೆಗೆ ದಾರಿ ತೋರಿಸುವುದು ಉಮೇದುವಾರನು ಕಲಿಯುವ ಮೊದಲ ಪಾಠಗಳಲ್ಲಿ ಒಂದು. ಎರಡನೆಯದು ಹರಾಜಿನ ಪಟ್ಟಿಗಳ ತೊಡಕು. ಇವಕ್ಕೆ ಕರ್ತೃವಿಲ್ಲ, ಹೇಳಿಕೊಳ್ಳುವಂಥ ಹೆಸರೂ ಇಲ್ಲ. ಮಾರಾಟ ಮುಗಿದ ಮರುದಿನ ರದ್ದಿಗೆ ಹೋಗಬೇಕಾದ ಕಾಗದಗಳಿವು. ಆದರೆ ಹರಾಜಿನಲ್ಲಿ ಕುಳಿತಿದ್ದವನೊಬ್ಬನು ಅಂಚಿನಲ್ಲಿ ಸೀಸದಕಡ್ಡಿಯಿಂದ ಕೊಂಡವನ ಹೆಸರನ್ನೂ ಬೆಲೆಯನ್ನೂ ಷರಾ ಬರೆದಿದ್ದರೆ, ಚಿತ್ರವೊಂದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದಕ್ಕೆ ಆ ಷರಾ ಒಂದೇ ಸಾಕ್ಷಿಯಾಗಬಹುದು.

ಈ ಮರ್ಮವನ್ನು ಚೆನ್ನಾಗಿ ಅರಿತವರು ಹಾಲೆಂಡಿನ ಫ್ರಿಟ್ಸ್ ಲುಗ್ಟ್. ಬಾಲ್ಯದಲ್ಲಿಯೇ ತಮ್ಮ ಸ್ವಂತ ಸಂಗ್ರಹಕ್ಕೆ ಪಟ್ಟಿಯನ್ನು ಬರೆದುಕೊಂಡಿದ್ದ ಇವರು, ಹದಿಹರೆಯದಲ್ಲಿ ಆಮ್‌ಸ್ಟರ್‌ಡಾಮಿನ ಹರಾಜು ಸಂಸ್ಥೆಯೊಂದನ್ನು ಸೇರಿ ಕೆಲಸ ಕಲಿತರು. ಯಾವ ಹರಾಜು ಯಾವ ದಿನ ಯಾವ ಊರಿನಲ್ಲಿ ನಡೆಯಿತು, ಅದರ ಪಟ್ಟಿಯ ಪ್ರತಿಗಳು ಯಾವ ಯಾವ ಭಂಡಾರಗಳಲ್ಲಿವೆ ಎಂಬುದನ್ನು ತಿಳಿಸುವ ಮಹಾಸೂಚಿಯೊಂದನ್ನು ಇವರು ರಚಿಸಿದರು. 1600ರಿಂದ 1825ರ ವರೆಗಿನ ಹರಾಜುಗಳನ್ನೊಳಗೊಂಡ ಮೊದಲ ಸಂಪುಟವು 1938ರಲ್ಲಿ ಹೊರಬಂದಿತು. ನಾಲ್ಕನೆಯದು ಅಚ್ಚಾದುದು 1987ರಲ್ಲಿ, ಅವರು ತೀರಿಕೊಂಡು 17 ವರ್ಷಗಳ ಮೇಲೆ. ಇಂದಿಗೂ ಹಳೆಯ ಹರಾಜುಗಳನ್ನು ಲುಗ್ಟರು ಕೊಟ್ಟ ಅಂಕೆಯಿಂದಲೇ ಗುರುತಿಸುವರು.

ಅತ್ತ ನ್ಯೂಯಾರ್ಕಿನಲ್ಲಿ ಹೆಲೆನ್ ಕ್ಲೇ ಫ್ರಿಕ್ ಎಂಬ ಮಹಿಳೆಯು 1920ರಲ್ಲಿ ತಮ್ಮ ತಂದೆಯ ಸ್ಮರಣಾರ್ಥವಾಗಿ ಒಂದು ಕಲಾಗ್ರಂಥಾಲಯವನ್ನು ಸ್ಥಾಪಿಸಿದರು. ಲಂಡನ್ನಿನಲ್ಲಿ ಸರ್ ರಾಬರ್ಟ್ ವಿಟ್ ಎಂಬವರು ತಮ್ಮ ಮನೆಯಲ್ಲಿ ಕೂಡಿಹಾಕಿದ್ದ ಚಿತ್ರಗಳ ಪ್ರತಿಕೃತಿಸಂಗ್ರಹವೇ ಅದಕ್ಕೆ ಮಾದರಿ. ಆರಂಭದಲ್ಲಿ ಕೆಲಸ ನಡೆದುದು ಫ್ರಿಕ್ ಅವರ ಮನೆಯ ನೆಲಮಾಳಿಗೆಯಲ್ಲಿದ್ದ ಚೆಂಡಾಟದ ಅಂಕಣದಲ್ಲಿ. ಖಾಸಗಿ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಚಿತ್ರಗಳ ಛಾಯಾಚಿತ್ರಗಳನ್ನು ತೆಗೆಸಿ, ಒಂದೊಂದಕ್ಕೂ ಕರ್ತೃ, ಅಳತೆ, ಹಿಂದಿನ ಒಡೆಯರು, ವಿದ್ವಾಂಸರ ಅಭಿಪ್ರಾಯಭೇದ ಇವುಗಳನ್ನು ಬರೆದಿಡುವ ಏರ್ಪಾಡಾಯಿತು. 1935ರಲ್ಲಿ ಆ ಭಂಡಾರಕ್ಕೆ ದೊಡ್ಡ ಕಟ್ಟಡವಾಯಿತು.

ಹೀಗೆ ಶಾಂತವಾಗಿ ಬರೆದಿಟ್ಟ ಚೀಟಿಗಳಿಗೆ ಯುದ್ಧಕಾಲದಲ್ಲಿ ಅಗ್ನಿಪರೀಕ್ಷೆ ಒದಗಿತು. 1943ರಲ್ಲಿ ಆ ಗ್ರಂಥಾಲಯವು ಸುಮಾರು ಆರು ತಿಂಗಳು ಸಾರ್ವಜನಿಕರಿಗೆ ಬಾಗಿಲು ಮುಚ್ಚಿ, ಯುರೋಪಿನ ಕಲಾಸಂಪತ್ತನ್ನು ರಕ್ಷಿಸಲೆಂದು ಏರ್ಪಟ್ಟ ವಿದ್ವಾಂಸರ ಸಮಿತಿಗೆ ತನ್ನನ್ನು ಒಪ್ಪಿಸಿಕೊಟ್ಟಿತು. ಅಲ್ಲಿನ ಪುಸ್ತಕಗಳ ಮತ್ತು ಛಾಯಾಚಿತ್ರಗಳ ಆಧಾರದಿಂದ ಅವರು ನೂರಾರು ನಕಾಶೆಗಳನ್ನು ಸಿದ್ಧಪಡಿಸಿ, ಯಾವ ಊರಿನಲ್ಲಿ ಯಾವ ದೇವಾಲಯ, ಯಾವ ಚಿತ್ರಶಾಲೆ ಉಳಿಯಬೇಕೆಂಬುದನ್ನು ಸೈನ್ಯಕ್ಕೂ ವಿಮಾನದಳಕ್ಕೂ ಗುರುತುಮಾಡಿ ತೋರಿಸಿದರು. ಎಲ್ಲವೂ ಉಳಿಯಿತೆಂದಲ್ಲ. ಇಟಲಿಯ ಪಾದುವಾ ನಗರದಲ್ಲಿ ಮಾಂತೆನ್ಯನು ಚಿತ್ರಿಸಿದ್ದ ಓವೆತಾರಿ ಪ್ರಾರ್ಥನಾಮಂದಿರವು 1944ರ ಮಾರ್ಚಿಯಲ್ಲಿ ಬಾಂಬಿಗೆ ಸಿಕ್ಕಿ, ಭಿತ್ತಿಚಿತ್ರಗಳ ಬಹುಭಾಗವು ನುಚ್ಚುನೂರಾಯಿತು. ಆ ಚೂರುಗಳನ್ನು ಮುಂದೆ ಸ್ವಸ್ಥಾನಕ್ಕೆ ಹೊಂದಿಸಲು ಯತ್ನಿಸಿದವರಿಗೆ ಹಳೆಯ ಛಾಯಾಚಿತ್ರಗಳೇ ಗತಿಯಾದುವು. ವಸ್ತುವು ಅಳಿದ ಮೇಲೆ ದಾಖಲೆಯೇ ವಸ್ತುವಿನ ನೆರಳಾಗಿ ನಿಲ್ಲುವುದು.

ಯುದ್ಧಾನಂತರ ಇನ್ನೊಂದು ಪ್ರಶ್ನೆ ಬಂದಿತು. ನಾಜಿಗಳು ಯೆಹೂದ್ಯರ ಮನೆಗಳಿಂದ ಅಪಹರಿಸಿದ ಚಿತ್ರಗಳು ಯಾರವು? 1998ರಲ್ಲಿ 44 ರಾಷ್ಟ್ರಗಳು ವಾಷಿಂಗ್‌ಟನ್ನಿನಲ್ಲಿ ಸೇರಿ, ಇಂಥ ಚಿತ್ರಗಳನ್ನು ಹುಡುಕಿ ಪೂರ್ವದ ಒಡೆಯರಿಗೆ ನ್ಯಾಯ ದೊರಕಿಸಬೇಕೆಂಬ ಸೂತ್ರಗಳನ್ನು ಅಂಗೀಕರಿಸಿದುವು. ಅಂದಿನಿಂದ ಹರಾಜಿನ ಪಟ್ಟಿಯ ಅಂಚಿನ ಷರಾ, ಛಾಯಾಚಿತ್ರದ ಹಿಂಬದಿಯ ಒಂದು ಸಾಲು, ಮನೆಮಠ ಕಳೆದುಕೊಂಡವರ ಮೊಮ್ಮಕ್ಕಳಿಗೆ ಹಕ್ಕುಪತ್ರದಂತೆ ಆಗಿವೆ. ಅನುಕ್ರಮಣಿಕೆಯಲ್ಲಿ ಸೇರದ ಪಟ್ಟಿಯು ಕಪಾಟಿನಲ್ಲಿದ್ದೂ ಇಲ್ಲದಂತೆ. ಅಲ್ಲಿ ಉಮೇದುವಾರನ ಅಲಕ್ಷ್ಯವು ಅನ್ಯಾಯಕ್ಕೆ ಸಹಾಯವಾದಂತೆಯೇ.

ಇಷ್ಟು ಗುರುತರವಾದ ಕೆಲಸವನ್ನು ಕಲಿಯುವವರಿಗೆ ಬಹುಕಾಲ ಅನೇಕ ಕಡೆ ಕೂಲಿಯೇ ಇರಲಿಲ್ಲ. ಊಟವಸತಿಗೆ ಮನೆಯ ಬಲವಿದ್ದವರೇ ಉಮೇದುವಾರರಾಗಬಲ್ಲರೆಂದಾದರೆ ಬಡವರ ಮಕ್ಕಳಿಗೆ ಆ ಬಾಗಿಲು ಮುಚ್ಚಿದಂತಾಯಿತಲ್ಲವೆ? ಅಮೆರಿಕದ ಕಲಾಸಂಗ್ರಹಾಲಯಗಳ ನಿರ್ದೇಶಕರ ಸಂಘವು 2019ರಲ್ಲಿ, ಉಮೇದುವಾರರಿಗೆ ವೇತನ ಕೊಡಬೇಕೆಂದು ಚಿತ್ರಶಾಲೆಗಳನ್ನು ಪ್ರೇರಿಸುವ ನಿರ್ಣಯವನ್ನು ಮಾಡಿತು. ತಡವಾಗಿ ಬಂದರೂ ಇದು ನ್ಯಾಯವಾದ ಮಾತು.

ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಲಂಡನ್ನಿಗೆ ಹೋಗಿ, ಕ್ರಾಯ್ಡನ್ನಿನ ಪುಸ್ತಕಾಲಯದಲ್ಲಿ ಕೆಲಸ ಕಲಿತು ಬಂದುದನ್ನೂ, 1962ರಲ್ಲಿ ಬೆಂಗಳೂರಿನಲ್ಲಿಯೇ ಈ ವಿದ್ಯೆಯ ತರಬೇತಿಗೆ ಕೇಂದ್ರವೊಂದನ್ನು ಸ್ಥಾಪಿಸಿದುದನ್ನೂ ಇಲ್ಲಿ ನೆನೆಯಬಹುದು. ದೊಡ್ಡವರೂ ಚೀಟಿ ಬರೆದೇ ದೊಡ್ಡವರಾದರು. ಚಿತ್ರದ ಪಕ್ಕದ ಆ ಸಣ್ಣ ಚೀಟಿಯನ್ನು ಮುಂದೆ ಓದುವಾಗ, ಅದರ ಸತ್ಯಕ್ಕೆ ಹೊಣೆಯಾಗಿ ಹಿಂದೆಲ್ಲೋ ಕುಳಿತಿರುವ ಹೆಸರಿಲ್ಲದ ಕೈಯೊಂದನ್ನು ವಾಚಕರು ಸ್ಮರಿಸಿದರೆ ಈ ಲೇಖನವು ಸಾರ್ಥಕ.